ವೃದ್ಧಾಶ್ರಮದಲ್ಲಿ ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅನ್ನೋ ದೂರು ಬಂದರೆ ವಿಚಾರಿಸುವುದು ಹೇಗೆ?

ಡೈಪರ್ ಹಾಕಿಕೊಳ್ಳುವವರು ಹನ್ನೆರಡು ಜನ. ಆ ತಿಂಗಳು ಅಂಗಡಿಯಿಂದ ಬಂದ ಡೈಪರ್ 300. ಲೆಕ್ಕ ಹಾಕಿ ನೋಡಿ, ಒಬ್ಬರಿಗೆ ದಿನಕ್ಕೆ ಒಂದೂ ಬರುವುದಿಲ್ಲ. ಮನೆಯವರು ಕಟ್ಟುವ ಬಿಲ್ಲಿನಲ್ಲಿ ಮಾತ್ರ ‘ಡೈಪರ್ ಚಾರ್ಜ್’ ಅಂತ ಪ್ರತಿ ತಿಂಗಳೂ ಬೇರೆಯಾಗಿ ಹಾಕಿದ್ದರು.

ಇದು ತುಮಕೂರಿನ ಹೊರವಲಯದ ಒಂದು ವೃದ್ಧಾಶ್ರಮದ ಮಾತು. ಹೆಸರು ಬೇಡ. ನಾನು ಅಲ್ಲಿಗೆ ಹೋಗಿದ್ದು ಡೈಪರ್ ಎಣಿಸೋಕಲ್ಲ. ನಮ್ಮ ಬೀದಿಯಲ್ಲಿ ಬೆಳೆದ ಹುಡುಗಿಯೊಬ್ಬಳು ಬೆಂಗಳೂರಿನಿಂದ ಫೋನ್ ಮಾಡಿದ್ದಳು. ‘ಸಿಸ್ಟರ್ ಆಂಟಿ, ಅಮ್ಮನ ಬೆನ್ನ ಕೆಳಗೆ ಹುಣ್ಣಾಗಿದೆ. ಕೇಳಿದ್ರೆ ಏನಿಲ್ಲ, ಸ್ವಲ್ಪ ಕೆಂಪಾಗಿದೆ ಅಷ್ಟೆ ಅಂತಾರೆ. ನೀವೊಂದ್ಸಲ ಹೋಗಿ ನೋಡ್ತೀರಾ?’ ಮೂವತ್ತೊಂದು ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು. ಬೀದಿಗೆಲ್ಲ ಸಿಸ್ಟರ್ ಆಂಟಿ. ಹೋದೆ. ಆಮೇಲೆ ಬಾಯಿಂದ ಬಾಯಿಗೆ ಸುದ್ದಿ ಹೋಗಿ ಇನ್ನೂ ನಾಲ್ಕು ಮನೆಯವರು ಕರೆದರು. ಒಂದು ಟ್ರಸ್ಟಿನವರು ತಾವೇ ನಡೆಸುವ ಆಶ್ರಮದ ಮೇಲೆ ಬಂದ ದೂರನ್ನು ‘ನೀವೇ ನೋಡಿ ಹೇಳಿ’ ಅಂದರು. ಆ ದಿನಗಳ ನೋಟ್‌ಬುಕ್ಕಿನಿಂದ ಈ ಮಾರ್ಗದರ್ಶಿ ಹುಟ್ಟಿತು. ಮನೆಯವರಿಗೂ ಉಪಯೋಗವಾಗುತ್ತದೆ, ಆಶ್ರಮದ ಸಮಿತಿಯಲ್ಲಿ ಕೂತವರಿಗೂ.

ದೂರು ಬಂದ ಕೂಡಲೇ ನಾವೆಲ್ಲ ಕೇಳುವ ಪ್ರಶ್ನೆ ಒಂದೇ: ‘ಡ್ಯೂಟಿಯಲ್ಲಿ ಯಾವ ಆಯಾ ಇದ್ದಳು?’ ನಾನೂ ಹಾಗೇ ಕೇಳುತ್ತಿದ್ದೆ. ಈಗ ‘ಎಷ್ಟು ಜನ ಇದ್ದರು?’ ಅಂತ ಕೇಳುತ್ತೇನೆ. ಮೊದಲ ಪ್ರಶ್ನೆಗೆ ಉತ್ತರ ಸಿಕ್ಕರೆ ಒಬ್ಬಳ ಕೆಲಸ ಹೋಗುತ್ತದೆ. ಎರಡನೆಯದಕ್ಕೆ ಸಿಕ್ಕರೆ ಹುಣ್ಣು ಯಾಕಾಯಿತು ಅಂತ ಗೊತ್ತಾಗುತ್ತದೆ.

ಹೆಜ್ಜೆ 1: ಮೊದಲು ಮನುಷ್ಯರನ್ನು ನೋಡಿ

ಫೈಲು, ರಿಜಿಸ್ಟರ್, ಜಗಳ ಎಲ್ಲ ಆಮೇಲೆ. ಹಿರಿಯರು ಈಗ ಹೇಗಿದ್ದಾರೆ?

ಹುಣ್ಣಿನ ಜೊತೆ ಜ್ವರ ಇದ್ದರೆ, ಎಬ್ಬಿಸಿದರೂ ಮಂಪರಿನಲ್ಲಿದ್ದರೆ, ಎಂಟು ಗಂಟೆ ಕಾಲ ಮೂತ್ರವೇ ಹೋಗಿಲ್ಲ ಅಂದರೆ, ಬಿದ್ದ ಮೇಲೆ ಕಾಲು ಊರಲು ಆಗದಿದ್ದರೆ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಿನ್ನೆಯವರೆಗೆ ಸರಿಯಾಗಿ ಮಾತಾಡುತ್ತಿದ್ದವರು ಇವತ್ತು ಏನೇನೋ ಹೇಳುತ್ತಿದ್ದರೆ ಅದನ್ನು ‘ವಯಸ್ಸಾಯ್ತು’ ಅಂತ ಬಿಡಬೇಡಿ. ನೀರು ಕಡಿಮೆಯಾದರೂ, ಮೂತ್ರದ ಸೋಂಕಾದರೂ ವಯಸ್ಸಾದವರಿಗೆ ಹಾಗೆ ಆಗುತ್ತದೆ.

ಆಸ್ಪತ್ರೆಯಲ್ಲಿ ಒಂದು ಕೆಲಸ ತಪ್ಪದೆ ಮಾಡಿಸಿ. ಗಾಯ ಎಲ್ಲಿದೆ, ಎಷ್ಟು ಸೆಂಟಿಮೀಟರ್ ಉದ್ದ ಅಗಲ, ಎಷ್ಟು ಆಳ, ಯಾವ ಹಂತ ಅಂತ ಡಾಕ್ಟರಿಂದ ಕೇಸ್ ಶೀಟಿನಲ್ಲಿ ಬರೆಸಿ. ಹಾಸಿಗೆ ಹುಣ್ಣಿಗೆ ನಾಲ್ಕು ಹಂತ. ಮೊದಲನೆಯದರಲ್ಲಿ ಚರ್ಮ ಒಡೆದಿರುವುದಿಲ್ಲ, ಬೆರಳಲ್ಲಿ ಒತ್ತಿ ಬಿಟ್ಟರೆ ಕೆಂಪು ಮಾಸುವುದಿಲ್ಲ. ನಮ್ಮ ಕಡೆಯ ಕಪ್ಪು ಚರ್ಮದಲ್ಲಿ ಆ ಕೆಂಪು ಕಾಣಿಸುವುದೇ ಕಷ್ಟ. ಮುಟ್ಟಿದರೆ ಆ ಜಾಗ ಬಿಸಿಯಾಗಿಯೋ ಗಟ್ಟಿಯಾಗಿಯೋ ಇರುತ್ತದೆ. ನಾಲ್ಕನೆಯ ಹಂತದಲ್ಲಿ ಮಾಂಸಖಂಡ, ಮೂಳೆಯವರೆಗೂ ಹೋಗಿರುತ್ತದೆ. ಯಾರೋ ಹೊಡೆದಿದ್ದಾರೆ ಅನ್ನುವ ಅನುಮಾನ ಇದ್ದರೆ ಅದನ್ನೂ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಎಂ.ಎಲ್.ಸಿ. (ಪೊಲೀಸರಿಗೂ ತಿಳಿಸುವ ಮೆಡಿಕೋ-ಲೀಗಲ್ ಕೇಸ್) ಮಾಡುತ್ತಾರೆ. ಆ ಕ್ಷಣಕ್ಕೇ ಅಪಾಯ ಅನಿಸಿದರೆ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ.

ಹೆಜ್ಜೆ 2: ದೂರನ್ನು ಬಿಡಿಸಿ ಬರೆಯಿರಿ

‘ಸರಿಯಾಗಿ ನೋಡ್ಕೊಳ್ಳಲ್ಲ’ ಅನ್ನುವುದು ಸಂಕಟ. ಅದನ್ನು ವಿಚಾರಿಸಲು ಬರುವುದಿಲ್ಲ. ‘ಸೋಮವಾರ ಬೆಳಿಗ್ಗೆ 10ಕ್ಕೆ ಹೋದಾಗ ರಾತ್ರಿಯ ಡೈಪರೇ ಇತ್ತು, ತುಂಬಿ ಹಾಸಿಗೆಗೆ ಇಳಿದಿತ್ತು’ ಅಂದರೆ ಅದು ದೂರು. ಯಾವ ದಿನ, ಎಷ್ಟು ಹೊತ್ತಿಗೆ, ಯಾರು ನೋಡಿದರು, ಆಶ್ರಮದವರು ಏನು ಹೇಳಿದರು.

ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪುಟವನ್ನು ಮೂರು ಭಾಗ ಮಾಡಿ. ಕಂಡಿದ್ದು ಒಂದು ಕಡೆ, ಕೇಳಿದ್ದು ಒಂದು ಕಡೆ, ನಮ್ಮ ಊಹೆ ಒಂದು ಕಡೆ. ಬರೆಯುತ್ತಾ ಹೋದರೆ ನಮಗೇ ನಾಚಿಕೆಯಾಗುತ್ತದೆ, ಊಹೆಯ ಭಾಗ ಅಷ್ಟು ಬೇಗ ತುಂಬುತ್ತದೆ.

ಫೋಟೋ ತೆಗೆಯಿರಿ, ಆದರೆ ನಿಮ್ಮವರದ್ದು ಮಾತ್ರ, ಅವರನ್ನು ಕೇಳಿ. ಪಕ್ಕದ ಮಂಚದ ಅಜ್ಜಿಯ ಬೆತ್ತಲೆ ಬೆನ್ನನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದವರನ್ನು ನೋಡಿದ್ದೇನೆ. ಅವರ ದೂರು ನಿಜವಿತ್ತು, ಆದರೆ ಆಮೇಲೆ ಎಲ್ಲರೂ ಮಾತಾಡಿದ್ದು ಆ ಫೋಟೋ ಬಗ್ಗೆ. ಫೋಟೋ ಇರುವ ಫೋನನ್ನೂ ಜೋಪಾನ ಮಾಡಿ. ಮುಂದೆ ಕೋರ್ಟಿಗೆ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದಕ್ಕೊಂದು ಪ್ರಮಾಣಪತ್ರ ಕೊಡಬೇಕಾಗುತ್ತದೆ. ಸಿಸಿಟಿವಿ ಇದ್ದರೆ ‘ಇಂಥ ದಿನದ ದೃಶ್ಯ ಅಳಿಸಬೇಡಿ’ ಅಂತ ಅವತ್ತೇ ಪತ್ರ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಹಳೆಯದರ ಮೇಲೆ ಹೊಸದು ತಾನಾಗಿಯೇ ರೆಕಾರ್ಡ್ ಆಗುತ್ತಾ ಹೋಗುತ್ತದೆ, ನೀವು ಯೋಚಿಸುತ್ತಾ ಕೂತರೆ ಅದು ಕಾಯುವುದಿಲ್ಲ.

ಹೆಜ್ಜೆ 3: ಇದು ಎಂಥ ಜಾಗ ಅಂತ ತಿಳಿದುಕೊಳ್ಳಿ

ಬೋರ್ಡಿನಲ್ಲಿ ಏನು ಬರೆದಿದೆ ಅನ್ನುವುದು ಮುಖ್ಯ ಅಲ್ಲ. ಸೇರಿಸುವಾಗ ಸಹಿ ಹಾಕಿದ ಕರಾರು ಪತ್ರ ಹುಡುಕಿ. ಅದರಲ್ಲಿ ‘24 ಗಂಟೆ ನರ್ಸಿಂಗ್’ ಅಂತ ಇದೆಯಾ, ‘ಸಹಾಯಕರು’ ಅಂತ ಇದೆಯಾ? ಮಾತ್ರೆ ಕೊಡುವುದು ಯಾರ ಹೊಣೆ? ಡಾಕ್ಟರ್ ವಾರಕ್ಕೆಷ್ಟು ಸಲ? ಕೊಟ್ಟ ಮಾತು ಯಾವುದು ಅಂತ ಗೊತ್ತಿದ್ದರೆ ತಾನೆ ತಪ್ಪಿದ್ದನ್ನು ತೋರಿಸೋದು.

ಸುಮ್ನೆ ಉಳಿದುಕೊಳ್ಳುವ ವೃದ್ಧಾಶ್ರಮಕ್ಕೂ, ಡ್ರಿಪ್ ಹಾಕಿ ಚಿಕಿತ್ಸೆ ಕೊಡುವ ಜಾಗಕ್ಕೂ ವ್ಯತ್ಯಾಸ ಇದೆ. ಚಿಕಿತ್ಸೆ ಕೊಡುತ್ತಿದ್ದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಜನ ಕೆಪಿಎಂಇ ಅನ್ನುತ್ತಾರಲ್ಲ, ಅದರ ಕೆಳಗೆ ನೋಂದಣಿ ಇದೆಯಾ ಅಂತ ಕೇಳಿ. ಸರ್ಟಿಫಿಕೇಟನ್ನು ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಸರ್ಕಾರದ ಅನುದಾನ ಪಡೆಯುವ ಆಶ್ರಮವಾದರೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಅದರ ಕಡತ ಇರುತ್ತದೆ. ಅವರ ತಪಾಸಣಾ ವರದಿ ಬೇಕಾದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. 10 ರೂಪಾಯಿ ಶುಲ್ಕ, 30 ದಿನ ಗಡುವು. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. ಕಥೆ ಬರೆದರೆ ವಾಪಸ್ ಬರುತ್ತದೆ.

‘ಸಿಸ್ಟರ್’ ಅಂತ ಕರೆಸಿಕೊಳ್ಳುವವರೆಲ್ಲ ನರ್ಸ್ ಅಲ್ಲ. ನರ್ಸಿಂಗ್ ಕೋರ್ಸುಗಳಲ್ಲಿ ಜಿಎನ್‌ಎಂ ಮೂರು ವರ್ಷದ ಓದು, ಎಎನ್‌ಎಂ ಎರಡು ವರ್ಷ. ಓದಿದವರಿಗೆ ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಸಂಖ್ಯೆ ಇರುತ್ತದೆ. ಇನ್ಸುಲಿನ್ ಚುಚ್ಚುವವರು ಯಾರು ಅಂತ ಕೇಳಿ, ಆ ಸಂಖ್ಯೆ ಬರೆದುಕೊಳ್ಳಿ.

ಹೆಜ್ಜೆ 4: ಹೊತ್ತಲ್ಲದ ಹೊತ್ತಿನಲ್ಲಿ ಹೋಗಿ

ಭಾನುವಾರ ಹನ್ನೊಂದು ಗಂಟೆಗೆ ಹೋದರೆ ಎಲ್ಲ ಆಶ್ರಮವೂ ಚೆಂದ. ರಂಗೋಲಿ, ಊದಿನಕಡ್ಡಿ, ತಲೆ ಬಾಚಿ ಹೂ ಮುಡಿಸಿದ ಅಜ್ಜಿಯರು. ಹಾಲ್ ನೋಡಿ ಬಂದವರು ಹಾಲ್ ಬಗ್ಗೆ ಮಾತ್ರ ಹೇಳಬಹುದು.

ನೋಡಬೇಕಾದ ಹೊತ್ತು ರಾತ್ರಿ ಒಂಬತ್ತೂವರೆ, ಬೆಳಿಗ್ಗೆ ಆರು, ಮತ್ತೆ ಪಾಳಿ ಬದಲಾಗುವ ಸಮಯ. ನಾನು ನೋಡಿದ ಒಂದು ಕಡೆ ಹಗಲಿನ ಆಯಾಗಳು ಕೊರಟಗೆರೆ ಕಡೆಯವರು. ಡ್ಯೂಟಿ ಎಂಟಕ್ಕೆ ಮುಗಿಯಬೇಕು, ಬಸ್ಸಿಗೆ ಅಂತ ಏಳಕ್ಕೇ ಹೊರಡುತ್ತಿದ್ದರು. ರಾತ್ರಿಯವಳು ಬರುವುದು ಎಂಟೂವರೆಗೆ. ಆ ಒಂದೂವರೆ ಗಂಟೆ ಮಹಡಿಯಲ್ಲಿ ಯಾರೂ ಇಲ್ಲ. ಅಲ್ಲಿ ಎರಡು ತಿಂಗಳಲ್ಲಿ ಮೂರು ಜನ ಬಿದ್ದಿದ್ದರು. ಮೂವರೂ ಬಿದ್ದದ್ದು ಅದೇ ಹೊತ್ತಿನಲ್ಲಿ. ರಿಜಿಸ್ಟರಿನಲ್ಲಿ ಮೂರಕ್ಕೂ ‘ಕಾಲು ಜಾರಿ’ ಅಂತ ಬರೆದಿದ್ದರು.

ಇನ್ನೊಂದು, ಹಬ್ಬದ ದಿನಗಳು. ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ಕೆಲಸಕ್ಕೆ ಯಾರು ಬರುತ್ತಾರೆ ಹೇಳಿ! ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ. ಆ ದಿನಗಳ ಹಾಜರಿ ಏನಿತ್ತು ಅಂತ ನೋಡಿದರೆ ಆಶ್ರಮದ ನಿಜವಾದ ಬಲ ಎಷ್ಟು ಅಂತ ಗೊತ್ತಾಗುತ್ತದೆ.

ರಾತ್ರಿ ಒಳಗೆ ಬಿಡುವುದಿಲ್ಲ ಅಂದರೆ ಜಗಳ ಬೇಡ. ‘ಅಮ್ಮನ ಜೊತೆ ಒಂದು ರಾತ್ರಿ ಇರ್ತೀನಿ’ ಅಂತ ಕೇಳಿ. ಮಗಳಿಗೆ ಇಲ್ಲ ಅನ್ನುವುದು ಅವರಿಗೂ ಕಷ್ಟ. ಆ ಹುಡುಗಿ ಹಾಗೇ ಉಳಿದುಕೊಂಡಳು. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಕೋಣೆಯೊಳಗೆ ಬಂದವರ ಸಂಖ್ಯೆ ಬರೆದಿಟ್ಟಳು. ಒಂದು. ಅದೂ ಲೈಟ್ ಆರಿಸೋಕೆ.

ಕೋಣೆಯಲ್ಲಿ ಏನು ನೋಡಬೇಕು? ನೀರಿನ ಲೋಟ ಕೈಗೆಟುಕುವ ಹಾಗಿದೆಯಾ. ಕರೆಗಂಟೆ ಇದೆಯಾ, ಒತ್ತಿದರೆ ಎಷ್ಟು ನಿಮಿಷಕ್ಕೆ ಬರುತ್ತಾರೆ (ಗಡಿಯಾರ ನೋಡಿ, ಅಂದಾಜು ಬೇಡ). ಉಗುರು, ಬಾಯಿ, ಹಿಮ್ಮಡಿ. ಹಿಮ್ಮಡಿಯನ್ನು ಯಾರೂ ನೋಡುವುದಿಲ್ಲ, ಹುಣ್ಣು ಅಲ್ಲೂ ಶುರುವಾಗುತ್ತದೆ. ಕೈಯನ್ನು ಮಂಚಕ್ಕೆ ಕಟ್ಟಿದ ಗುರುತು ಮಣಿಕಟ್ಟಿನಲ್ಲಿ ಇದೆಯಾ. ಊಟ ಮಾಡಿಸುವಾಗ ಎಬ್ಬಿಸಿ ಕೂರಿಸುತ್ತಾರಾ, ಮಲಗಿಸಿಯೇ ಬಾಯಿಗೆ ಹಾಕುತ್ತಾರಾ. ಮಲಗಿದವರಿಗೆ ಅವಸರದಲ್ಲಿ ಗಂಜಿ ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು.

ಹೆಜ್ಜೆ 5: ಕೈಗಳನ್ನು ಎಣಿಸಿ

ನನಗೆ ಕೇಳಿದರೆ ಇಡೀ ತನಿಖೆ ಇರುವುದು ಇಲ್ಲೇ. ಕ್ಯಾಲ್ಕುಲೇಟರ್ ಬೇಡ, ಪೆನ್ಸಿಲ್ ಸಾಕು.

‘ನಮ್ಮಲ್ಲಿ ಎಂಟು ಜನ ಸ್ಟಾಫ್ ಇದ್ದಾರೆ ಮೇಡಂ’ ಅಂತ ಮ್ಯಾನೇಜರ್ ಹೇಳುತ್ತಾರೆ. ಯಾರ್ಯಾರು ಅಂತ ಬಿಡಿಸಿ ಕೇಳಿ. ಅಡುಗೆಯವರು ಇಬ್ಬರು, ವಾಚ್‌ಮನ್ ಒಬ್ಬ, ಡ್ರೈವರ್ ಒಬ್ಬ. ಉಳಿದ ಆಯಾಗಳು ನಾಲ್ಕು. ಈಗ ವಾರದ ಲೆಕ್ಕ. ವಾರಕ್ಕೆ 168 ಗಂಟೆ. ಒಬ್ಬ ಮನುಷ್ಯ ವಾರಕ್ಕೆ 48 ಗಂಟೆ ದುಡಿದರೆ, ಹಗಲೂ ರಾತ್ರಿ ಒಬ್ಬರು ಇರಬೇಕು ಅಂದರೆ ಮೂರೂವರೆ ಜನ ಬೇಕು. ರಜೆ, ಜ್ವರ, ಮದುವೆ, ತಿಥಿ ಸೇರಿಸಿದರೆ ನಾಲ್ಕಕ್ಕಿಂತ ಮೇಲೆ. ಅಂದರೆ ನಾಲ್ಕು ಆಯಾ ಇರುವ ಆಶ್ರಮದಲ್ಲಿ ಯಾವ ಹೊತ್ತಿಗೆ ನೋಡಿದರೂ ಇರುವುದು ಒಬ್ಬಳೇ. ಹಗಲು ಇಬ್ಬರು ಕಾಣಿಸಿದರೆ ಯಾರೋ 48 ಗಂಟೆಗಿಂತ ಜಾಸ್ತಿ ದುಡಿಯುತ್ತಿದ್ದಾರೆ ಅಂತ. ಹನ್ನೆರಡು ಗಂಟೆ ಪಾಳಿಯಲ್ಲಿ ಏಳು ದಿನವೂ ಬಂದರೆ ಅದು ವಾರಕ್ಕೆ 84 ಗಂಟೆ.

ಈಗ ಕೆಲಸದ ಲೆಕ್ಕ. 24 ಜನ ಇದ್ದಾರೆ ಅಂದುಕೊಳ್ಳಿ. ಹಾಸಿಗೆ ಹಿಡಿದವರು ಎಂಟು. ತಾವಾಗಿ ಮಗ್ಗುಲು ಬದಲಿಸಲಾಗದವರನ್ನು ಎರಡು ಗಂಟೆಗೊಮ್ಮೆ ಹೊರಳಿಸಬೇಕು ಅನ್ನುವುದು ನಾವು ವಾರ್ಡಿನಲ್ಲಿ ಕಲಿತ ಪಾಠ. ಹೊರಳಿಸಿ, ಡೈಪರ್ ನೋಡಿ, ಬೇಕಾದರೆ ಬದಲಿಸಿ, ಬಟ್ಟೆ ಸರಿಮಾಡಿ, ಒಬ್ಬರಿಗೆ ಹತ್ತು ನಿಮಿಷ. ಅದೂ ಇಬ್ಬರು ಸೇರಿ ಮಾಡಿದರೆ. ಎಂಟು ಜನಕ್ಕೆ 80 ನಿಮಿಷ. ಮುಂದಿನ ಸುತ್ತಿಗೆ ಉಳಿದದ್ದು 40 ನಿಮಿಷ. ಆ ನಲವತ್ತರಲ್ಲಿ ಉಳಿದ ಹದಿನಾರು ಜನರ ಬಾತ್‌ರೂಮು, ಕೆಮ್ಮು, ‘ಬೆಳಗಾಯ್ತಾ?’ ಅನ್ನುವ ಪ್ರಶ್ನೆ ಎಲ್ಲ ಮುಗಿಯಬೇಕು. ಇಬ್ಬರಿದ್ದರೆ ಹೀಗೆ, ಉಸಿರು ಬಿಡೋಕೆ ಆಗದ ಹಾಗೆ.

ಒಬ್ಬಳೇ ಇದ್ದರೆ? ಅರವತ್ತು ಕೆಜಿ ಮನುಷ್ಯನನ್ನು ಒಬ್ಬಳು ಎತ್ತಿ ಹೊರಳಿಸಲಾರಳು, ಎಳೆಯುತ್ತಾಳೆ. ಎಳೆದಾಗ ವಯಸ್ಸಾದವರ ಚರ್ಮ ಕಾಗದದ ಹಾಗೆ ಕಿತ್ತು ಬರುತ್ತದೆ. ಆದ್ದರಿಂದ ಅವಳು ಎಳೆಯುವುದನ್ನೂ ಬಿಡುತ್ತಾಳೆ. ಬೆಳಿಗ್ಗೆ ಐದಕ್ಕೆ ಕೂತು ಚಾರ್ಟಿನಲ್ಲಿ 10, 12, 2, 4 ಅಂತ ಒಟ್ಟಿಗೆ ಸಹಿ ಹಾಕುತ್ತಾಳೆ. ಸುಳ್ಳು ಸಹಿ, ನಿಜ. ಆದರೆ ಆ ಚಾರ್ಟನ್ನು ಅವಳ ಕೈಗೆ ಕೊಟ್ಟು, ಒಬ್ಬಳನ್ನೇ ಬಿಟ್ಟು ಮನೆಗೆ ಹೋದವರು ಯಾರು?

ಊಟಕ್ಕೂ ಇದೇ ಲೆಕ್ಕ ಹಾಕಿ. ಕೈತುತ್ತು ಬೇಕಾದವರಿಗೆ ಒಬ್ಬರಿಗೆ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ಆರು ಜನಕ್ಕೆ ಒಬ್ಬಳು ಅಂದರೆ ಎರಡೂವರೆ ಗಂಟೆ. ಒಂದು ಗಂಟೆಗೆ ಬಡಿಸಿದ ಮುದ್ದೆ ಕೊನೆಯವರ ಹತ್ತಿರ ಹೋಗುವಷ್ಟರಲ್ಲಿ ಕಲ್ಲು. ‘ಅಜ್ಜಿ ಊಟ ಬೇಡ ಅಂದ್ರು’ ಅಂತ ಬರೆಯುತ್ತಾರೆ. ಬಿಸಿಯಾಗಿದ್ದಾಗ ಕೊಟ್ಟಿದ್ದರೆ ಬೇಡ ಅನ್ನುತ್ತಿದ್ದರಾ?

ಕೈ ಕಡಿಮೆಯಾದ ಕಡೆ ಮಾತ್ರೆ ಜಾಸ್ತಿಯಾಗುತ್ತದೆ. ನಿದ್ದೆ ಮಾತ್ರೆಯಷ್ಟು ಅಗ್ಗದ ಆಯಾ ಇನ್ನೊಬ್ಬಳಿಲ್ಲ. ಸೇರಿಸಿದಾಗಿನ ಔಷಧಿ ಚೀಟಿಯನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೊಸದಾಗಿ ಸೇರಿದ ಮಾತ್ರೆಯನ್ನು ಯಾವ ಡಾಕ್ಟರ್, ಯಾವತ್ತು, ಯಾಕೆ ಬರೆದರು?

ಹೆಜ್ಜೆ 6: ಒಂದು ಪುಸ್ತಕವನ್ನು ಇನ್ನೊಂದರ ಪಕ್ಕ ಇಡಿ

ನೀವು ಸಮಿತಿಯಲ್ಲಿದ್ದರೆ ರಿಜಿಸ್ಟರ್ ಕೇಳುವ ಅಧಿಕಾರ ಇದೆ. ಮನೆಯವರಾದರೆ ನಿಮ್ಮವರ ದಾಖಲೆಯನ್ನು ಬರವಣಿಗೆಯಲ್ಲಿ ಕೇಳಿ.

ಯಾವ ಪುಸ್ತಕವನ್ನೂ ಒಂಟಿಯಾಗಿ ನಂಬಬೇಡಿ. ಡ್ಯೂಟಿ ಚಾರ್ಟಿನಲ್ಲಿ ಇರುವ ಹೆಸರು ಹಾಜರಿ ಪುಸ್ತಕದಲ್ಲಿ ಇದೆಯಾ? ಹಾಜರಿಯಲ್ಲಿ ಇದ್ದವರಿಗೆ ಆ ತಿಂಗಳು ಸಂಬಳ ಹೋಗಿದೆಯಾ? ಒಂದು ಕಡೆ ಕೆಲಸ ಬಿಟ್ಟು ಮೂರು ತಿಂಗಳಾದವಳ ಹೆಸರು ಚಾರ್ಟಿನಲ್ಲಿ ರಾತ್ರಿ ಪಾಳಿ ಮಾಡುತ್ತಲೇ ಇತ್ತು. ಹೊರಳಿಸುವ ಚಾರ್ಟಿನಲ್ಲಿ ಇಡೀ ವಾರ ಒಂದೇ ಪೆನ್ನು, ಒಂದೇ ಅಕ್ಷರ ಇದ್ದರೆ ಅದನ್ನು ಕೂತು ತುಂಬಿಸಿದ್ದಾರೆ.

ಮಾತ್ರೆ ಎಣಿಸುವುದು ಎಲ್ಲಕ್ಕಿಂತ ಸುಲಭ. 1ನೇ ತಾರೀಕು 60 ಬಿಪಿ ಮಾತ್ರೆ ಕೊಟ್ಟಿದ್ದೀರಿ, ದಿನಕ್ಕೆ ಎರಡು. 21ನೇ ತಾರೀಕು ಬೆಳಿಗ್ಗೆ, ಅವತ್ತಿನದ್ದು ಕೊಡುವ ಮೊದಲು, 20 ಉಳಿದಿರಬೇಕು. 34 ಇದ್ದರೆ ಏಳು ದಿನದ್ದು ಹೊಟ್ಟೆಗೆ ಹೋಗಿಲ್ಲ. ತೂಕವನ್ನೂ ನೋಡಿ. ಒಂದು ತಿಂಗಳಲ್ಲಿ ನೂರಕ್ಕೆ ಐದು ಭಾಗ ಇಳಿದರೆ, ಅಂದರೆ 50 ಕೆಜಿ ಇದ್ದವರು 47.5ಕ್ಕೆ ಬಂದರೆ, ಗಾಬರಿಯಾಗಬೇಕಾದ ವಿಷಯವೇ. ತೂಕದ ಪುಸ್ತಕವೇ ಇಲ್ಲ ಅಂದರೆ ಅದನ್ನೂ ಬರೆದುಕೊಳ್ಳಿ.

ಡೈಪರ್ ಲೆಕ್ಕ ಆಗಲೇ ಹೇಳಿದೆ. ದಿನಕ್ಕೆ ಮೂರು ಅಂತ ಹಿಡಿದರೂ ಹನ್ನೆರಡು ಜನಕ್ಕೆ ತಿಂಗಳಿಗೆ 1,080 ಬೇಕು. ಆದರೆ ಬಿಲ್ಲು ನೋಡಿದ ಕೂಡಲೇ ಕೂಗಾಡಬೇಡಿ. ಕೆಲವು ಮನೆಯವರು ತಾವೇ ತಂದುಕೊಡುತ್ತಾರೆ, ಕೆಲವು ಕಡೆ ಹಗಲು ಹಳೇ ಪಂಚೆ ಬಟ್ಟೆ ಕಟ್ಟುತ್ತಾರೆ. ಕೇಳಿಕೊಂಡು ಆಮೇಲೆ ಬರೆಯಿರಿ. ನಾನು ಕೇಳಿದೆ. ಯಾರೂ ತಂದುಕೊಡುತ್ತಿರಲಿಲ್ಲ.

ಹೆಜ್ಜೆ 7: ಮಾತಾಡಿಸುವುದು

ಮೊದಲು ಹಿರಿಯರ ಹತ್ತಿರ, ಒಬ್ಬರೇ ಇರುವಾಗ. ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದರೆ ಯಾವ ಅಜ್ಜಿಯೂ ‘ಚೆನ್ನಾಗಿ ನೋಡ್ಕೋತಾರಮ್ಮ’ ಅಂತಲೇ ಹೇಳುತ್ತಾರೆ. ಕಿವಿಯ ಮಿಷಿನ್ ಹಾಕಿದ್ದಾರಾ, ಅದರ ಬ್ಯಾಟರಿ ನಡೆಯುತ್ತಿದೆಯಾ ನೋಡಿ. ‘ನಿಮ್ಮನ್ನ ಹೊಡೀತಾರಾ?’ ಅಂತ ಕೇಳಬೇಡಿ. ‘ರಾತ್ರಿ ಎಚ್ಚರ ಆದ್ರೆ ಏನ್ ಮಾಡ್ತೀರಜ್ಜಿ?’ ಅಂತ ಕೇಳಿ. ‘ಏನ್ ಮಾಡ್ಲವ್ವ, ಕೂಗ್ತೀನಿ. ಕೂಗಿ ಕೂಗಿ ಸುಮ್ನಾಗ್ತೀನಿ’ ಅಂದರು ಒಬ್ಬರು. ಮರೆವಿನ ಕಾಯಿಲೆ ಇದ್ದವರ ಮಾತನ್ನೂ ಬರೆದುಕೊಳ್ಳಿ. ದಿನ ತಪ್ಪಬಹುದು, ಹೆಸರು ತಪ್ಪಬಹುದು, ಒಬ್ಬರನ್ನು ಕಂಡರೆ ಮೈ ಮುದುಡಿಕೊಳ್ಳುವುದು ಸುಮ್ಮಸುಮ್ಮನೆ ಇರಲಾರದು.

ಆಯಾಗಳ ಜೊತೆ ಆಫೀಸಿನಲ್ಲಿ ಕೂತು ಮಾತಾಡಿದರೆ ಏನೂ ಸಿಗುವುದಿಲ್ಲ. ನಾನು ಬಸ್‌ಸ್ಟಾಪಿನವರೆಗೆ ಜೊತೆಗೆ ನಡೆದೆ. ಮೊದಲು ಅವರ ಕೆಲಸದ ಬಗ್ಗೆ ಕೇಳಿ, ಯಾರ ತಪ್ಪು ಅಂತ ಕೇಳಬೇಡಿ. ‘ನಿನ್ನೆ ರಾತ್ರಿ ಎಷ್ಟು ಜನ ಇದ್ರಿ? ಊಟ ಎಷ್ಟೊತ್ತಿಗೆ ಮಾಡಿದ್ರಿ?’

‘ಒಬ್ಳೇ ಅಕ್ಕ. ಇನ್ನೊಬ್ಳು ಬಿಟ್ಟೋದ್ಮೇಲೆ ಹಾಕೇ ಇಲ್ಲ. ಕೇಳಿದ್ರೆ ಈ ತಿಂಗ್ಳು ಈ ತಿಂಗ್ಳು ಅಂತಾರೆ. ನಂಗೂ ಸೊಂಟ ಹೋಗೈತೆ.’

ಅವರ ಹೆಸರು ನಿಮ್ಮ ನೋಟ್‌ಬುಕ್ಕಿನಲ್ಲೂ ಬೇಡ. ‘ರಾತ್ರಿ ಪಾಳಿಯ ಒಬ್ಬರು’ ಸಾಕು.

ಹೆಜ್ಜೆ 8: ಆಶ್ರಮದವರ ಮಾತೂ ಕೇಳಿ

ಪ್ರಶ್ನೆಗಳನ್ನು ಕಾಗದದಲ್ಲಿ ಬರೆದು ಕೊಡಿ, ಒಂದು ವಾರ ಸಮಯ ಕೊಡಿ. ಇದನ್ನು ಬಿಟ್ಟರೆ ನಿಮ್ಮ ವರದಿ ಒಂದು ಕಡೆಯ ಮಾತಾಗುತ್ತದೆ.

ಯಾಕೆ ಅಂದರೆ ನಾವೂ ತಪ್ಪುತ್ತೇವೆ. ಮಧುಗಿರಿ ಕಡೆಯ ಒಬ್ಬರು ‘ನಮ್ಮಪ್ಪನ ಕೈ ತುಂಬ ಕಂದು ಕಲೆ, ಹಿಡಿದು ಹಿಂಡಿದ್ದಾರೆ’ ಅಂತ ಕರೆದಿದ್ದರು. ಹೋಗಿ ನೋಡಿದೆ. ಹೃದಯದ ಸ್ಟೆಂಟಿಗೆ ರಕ್ತ ತೆಳುವಾಗಿಸುವ ಮಾತ್ರೆ ಎರಡೆರಡು. ಅವರಿಗೆ ಬಿಪಿ ಪಟ್ಟಿ ಕಟ್ಟಿದರೂ ಕಲೆಯಾಗುತ್ತಿತ್ತು. ಹೊಡೆತದ ಕಲೆ ಬೆನ್ನು, ಕಿವಿ, ತೋಳಿನ ಒಳಭಾಗದಲ್ಲಿ ಇದ್ದರೆ ಅನುಮಾನ ಪಡಬೇಕು. ಇವರದ್ದು ಮುಂಗೈ ಮೇಲೆ ಮಾತ್ರ. ಹಾಸಿಗೆ ಹುಣ್ಣಿನಲ್ಲೂ ಇದೇ ಎಚ್ಚರ ಬೇಕು. ಒಳಗೆ ಆದ ಪೆಟ್ಟು ಚರ್ಮದ ಮೇಲೆ ಕಾಣಲು ಎರಡು ಮೂರು ದಿನ ಹಿಡಿಯಬಹುದು. ಆಸ್ಪತ್ರೆಯಿಂದ ಬಂದ ಎರಡನೇ ದಿನ ಕಂಡ ಹುಣ್ಣು ಆಸ್ಪತ್ರೆಯಲ್ಲೇ ಶುರುವಾಗಿರಬಹುದು. ಸೇರಿಸಿಕೊಂಡ ದಿನ ಮೈ ಪೂರ್ತಿ ನೋಡಿ ಬರೆದಿಟ್ಟಿದ್ದರೆ ಆಶ್ರಮಕ್ಕೂ ಅದೇ ರಕ್ಷೆ.

ಇನ್ನೊಂದು ಮಾತು, ಮನೆಯವರಿಗೆ ಇಷ್ಟವಾಗದ್ದು. ಸೇರಿಸುವಾಗ ‘ಅಮ್ಮ ತಾವೇ ಓಡಾಡ್ತಾರೆ’ ಅಂತ ಹೇಳಿ ಕಡಿಮೆ ದುಡ್ಡಿಗೆ ಒಪ್ಪಿಸಿದವರು ಇದ್ದಾರೆ. ಅಮ್ಮ ಹಾಸಿಗೆ ಹಿಡಿದು ವರ್ಷವಾದರೂ ಫೀಸು ಹಳೆಯದೇ. ಆ ದುಡ್ಡಿನಲ್ಲಿ ರಾತ್ರಿಗೆ ಎರಡನೇ ಆಯಾ ಎಲ್ಲಿಂದ ಬರುತ್ತಾಳೆ ಅಂತ ನಾವೂ ಕೇಳಿಕೊಳ್ಳಬೇಕು ಅಲ್ವಾ.

ಹೆಜ್ಜೆ 9: ವರದಿ

ಎರಡು ಪುಟ ಸಾಕು. ಪ್ರತಿ ದೂರಿಗೂ ‘ನಿಜ’, ‘ನಿಜವಲ್ಲ’, ‘ಹೇಳಲು ಆಧಾರ ಸಾಲದು’, ಈ ಮೂರರಲ್ಲಿ ಒಂದು. ಕೆಳಗೆ ಆಧಾರ. ಹುಡುಗಿಯ ಅಮ್ಮನ ವಿಷಯದಲ್ಲಿ ನಾನು ಬರೆದದ್ದು ಹೀಗೆ:

‘ರಾತ್ರಿ ಹೊರಳಿಸುತ್ತಿಲ್ಲ: ನಿಜ. 24 ಜನಕ್ಕೆ ರಾತ್ರಿ ಒಬ್ಬ ಆಯಾ. ಚಾರ್ಟಿನಲ್ಲಿ ಏಳು ರಾತ್ರಿಯ ಸಹಿ ಒಂದೇ ಪೆನ್ನಿನಲ್ಲಿ. ಮಗಳು ಉಳಿದ ರಾತ್ರಿ ಯಾರೂ ಹೊರಳಿಸಲಿಲ್ಲ. ಹುಣ್ಣು ಮೂರನೇ ಹಂತ ಅಂತ ಆಸ್ಪತ್ರೆಯ ದಾಖಲೆ. ಬೇಕಾದದ್ದು: ರಾತ್ರಿ ಇಬ್ಬರು, ಈ ವಾರದಿಂದಲೇ.’

‘ಆಯಾ ಬೈಯುತ್ತಾಳೆ: ಹೇಳಲು ಆಧಾರ ಸಾಲದು.’

‘ಸಿಬ್ಬಂದಿಗೆ ತಿಳಿವಳಿಕೆ ಕೊಡಬೇಕು’ ಅಂತ ಮಾತ್ರ ಬರೆಯಬೇಡಿ. ಅವರಿಗೆ ತಿಳಿವಳಿಕೆ ಇದೆ. ಇನ್ನೆರಡು ಕೈ ಇಲ್ಲ.

ಹೆಜ್ಜೆ 10: ಎಲ್ಲಿಗೆ ಹೋಗಬೇಕು

ಮೊದಲು ಆಶ್ರಮ ನಡೆಸುವ ಟ್ರಸ್ಟ್ ಅಥವಾ ಮಾಲೀಕರಿಗೆ, ಬರವಣಿಗೆಯಲ್ಲಿ. ಒಪ್ಪದಿದ್ದರೆ ಜಿಲ್ಲಾಧಿಕಾರಿಗೆ ಅರ್ಜಿ, ಒಂದು ಪ್ರತಿ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ, ಕಲ್ಯಾಣದ ಕಾಯ್ದೆ ಜಿಲ್ಲೆಯಲ್ಲಿ ಜಾರಿಯಾಗುವ ಹಾಗೆ ನೋಡುವ ಹೊಣೆ ಜಿಲ್ಲಾಧಿಕಾರಿಯದು. ಹಿರಿಯರ ಸಹಾಯವಾಣಿ 14567. ಸರ್ಕಾರದ ಕುಂದುಕೊರತೆ ಸಂಖ್ಯೆ 1902. ಅಲ್ಲಿ ಕೊಡುವ ಅರ್ಜಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಮುಂದಿನ ಸಲ ಮೊದಲಿಂದ ಶುರು.

ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಓಡುವವರು ಜಾಸ್ತಿ. ನಮ್ಮ ಜಿಲ್ಲೆಯಲ್ಲಿ ತುಮಕೂರು, ತಿಪಟೂರು, ಮಧುಗಿರಿ ಮೂರು ಉಪವಿಭಾಗ. ಆದರೆ ಆ ಮಂಡಳಿ ಮುಖ್ಯವಾಗಿ ಮಕ್ಕಳಿಂದ ಜೀವನಾಂಶ ಕೊಡಿಸೋಕೆ ಇರುವುದು. ಆಶ್ರಮದ ಮೇಲಿನ ದೂರಿಗೆ ಅದು ದಾರಿ ಅಲ್ಲ. ಅಪ್ಪನನ್ನು ಆಶ್ರಮದಲ್ಲಿ ಬಿಟ್ಟು ಮಗನೇ ಕಾಣೆಯಾದ ಅಂದರೆ ಅಲ್ಲಿಗೆ ಹೋಗಬಹುದು. ಹಿರಿಯರನ್ನು ಕೈಬಿಟ್ಟವರಿಗೆ ಅದೇ ಕಾಯ್ದೆಯ 24ನೇ ಕಲಂನಲ್ಲಿ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ.

ಚಿಕಿತ್ಸೆ ಕೊಡುವ ಜಾಗವಾದರೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿ. ದುಡ್ಡು ಕಟ್ಟಿಸಿಕೊಂಡು ಹೇಳಿದ ಸೇವೆ ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ, ಎರಡು ವರ್ಷದೊಳಗೆ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಮಾತುಕತೆಯಲ್ಲಿ ಬಗೆಹರಿಸಿಕೊಳ್ಳಲು ಗ್ರಾಹಕ ಸಹಾಯವಾಣಿ 1915. ಉಚಿತ ಕಾನೂನು ಸಲಹೆಗೆ 15100.

ಹೊಡೆತ, ಕೂಡಿಹಾಕುವುದು, ಕಳ್ಳತನ ಇದ್ದರೆ ಪೊಲೀಸ್ ಠಾಣೆ. ಭಾರತೀಯ ನ್ಯಾಯ ಸಂಹಿತೆಯ 357ನೇ ಕಲಂ ಬಗ್ಗೆ ಕೇಳಿದವರು ಕಡಿಮೆ. ಕಾಯಿಲೆ, ದೇಹದ ನಿಶ್ಶಕ್ತಿಯಿಂದ ಅಸಹಾಯಕರಾದವರನ್ನು ನೋಡಿಕೊಳ್ಳುತ್ತೇನೆ ಅಂತ ಕರಾರು ಮಾಡಿಕೊಂಡು ಬೇಕೆಂದೇ ಕೈಬಿಟ್ಟರೆ ಅದರಲ್ಲಿ ಶಿಕ್ಷೆ ಇದೆ. ಕರಾರು ಪತ್ರ ಹುಡುಕಿ ಅಂದದ್ದು ಇದಕ್ಕೂ ಹೌದು.

ಹೆಜ್ಜೆ 11: ಮತ್ತೆ ಹೋಗಿ

ದೂರು ಕೊಟ್ಟ ಮೇಲೆ ಹಿರಿಯರ ಮೇಲೆ ಸಿಟ್ಟು ತೀರಿಸಿಕೊಳ್ಳಬಹುದು ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಆ ಒಂದು ತಿಂಗಳು ಭೇಟಿ ಜಾಸ್ತಿ ಮಾಡಿ, ಬೇರೆ ಬೇರೆ ಜನ, ಬೇರೆ ಬೇರೆ ಹೊತ್ತಿನಲ್ಲಿ. ಹುಡುಗಿ ಶನಿವಾರ ಬರುತ್ತಿದ್ದಳು, ನಾನು ಬುಧವಾರ, ಅವಳ ಸೋದರಮಾವ ಗುಬ್ಬಿಯಿಂದ ಯಾವಾಗ ಬೇಕಾದರೂ. ಬೇರೆ ಆಶ್ರಮಕ್ಕೆ ಸೇರಿಸುವುದಾದರೆ ಅಲ್ಲೂ ಮೊದಲು ರಾತ್ರಿಯ ಲೆಕ್ಕ ಕೇಳಿ, ಆಮೇಲೆ ಫೀಸು.

ಆ ಆಶ್ರಮದಲ್ಲಿ ರಾತ್ರಿಗೆ ಇನ್ನೊಬ್ಬಳನ್ನು ಹಾಕಿದರು. ಡೈಪರ್ ಡಬ್ಬಗಳು ಬಂದವು. ಹುಣ್ಣು ಒಣಗಲು ಹನ್ನೊಂದು ವಾರ ಹಿಡಿಯಿತು. ಹದಿನೈದು ದಿನದ ನಂತರ ಬೆಳಿಗ್ಗೆ ಐದೂವರೆಗೆ ಹೋದಾಗ ಇಬ್ಬರೂ ಇದ್ದರು, ಒಬ್ಬಳು ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದಳು. ಮೂರು ತಿಂಗಳ ನಂತರ ಹೋದಾಗ ಮತ್ತೆ ಒಬ್ಬಳೇ. ‘ಅವ್ಳು ಊರಿಗೋಗವ್ಳೆ ಅಕ್ಕ, ಸೋಮ್ವಾರ ಬತ್ತಾಳೆ’ ಅಂದಳು. ಸೋಮವಾರ ರಾತ್ರಿ ಹೋಗಿ ನೋಡಿದೆ. ಬಂದಿದ್ದಳು.